ಒಂದೊಂದೇ ಕಣ್ಣಿನ ನೋಟವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಪೊರೆ ಬೆಳೆದೋ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ (ಕಣ್ಣಿನ ಹಿಂಭಾಗದಲ್ಲಿ ಬಿಂಬ ಮೂಡುವ ಪದರ) ಕೆಟ್ಟೋ ಒಂದು ಕಣ್ಣು ಬಹುಮಟ್ಟಿಗೆ ಮಸುಕಾದ ಮೇಲೂ ಪತ್ರಿಕೆ ಓದುವುದು, ಗಾಡಿ ಓಡಿಸುವುದು ಎಂದಿನಂತೆಯೇ ನಡೆಯುತ್ತಿರುತ್ತದೆ. ಆದ್ದರಿಂದ 40 ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ಆಗಾಗ ಒಂದೊಂದೇ ಕಣ್ಣಿನಿಂದ ನೋಡಿಕೊಳ್ಳಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ಹೆಚ್ಚಿನವರು ಎಷ್ಟು ಅವಸರದಲ್ಲಿ ಮಾಡುತ್ತಾರೆಂದರೆ, ಕಣ್ಣಿನ ತೊಂದರೆ ಇದ್ದರೂ ಬಯಲಾಗುವುದೇ ಇಲ್ಲ.

ಮೊದಲು ಹಗಲು ಬೆಳಕಿನಲ್ಲಿ, ದೂರದ ಕನ್ನಡಕ ಇದ್ದರೆ ಹಾಕಿಕೊಂಡು, ಗೋಡೆಯ ಕ್ಯಾಲೆಂಡರಿನಿಂದ ಸುಮಾರು 10 ಅಡಿ ದೂರ ನಿಲ್ಲಿ.

ಎರಡನೆಯದು ಕಣ್ಣು ಮುಚ್ಚುವುದು, ಎಡವುವುದೆಲ್ಲ ಇಲ್ಲಿಯೇ. ಬೆರಳುಗಳಿಂದ ಮುಚ್ಚಿದರೆ ಸಂದಿನಿಂದ ಆ ಕಣ್ಣು ಇಣುಕುತ್ತದೆ. ಅಂಗೈಯಿಂದ ಒತ್ತಿ ಹಿಡಿದರೆ, ಕೈ ತೆಗೆದ ಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮಸುಕಾಗಿಯೇ ಇರುವುದರಿಂದ ಅದರ ಸರದಿ ಬಂದಾಗ ಫಲಿತಾಂಶ ತಪ್ಪುತ್ತದೆ. ರೆಪ್ಪೆಯನ್ನಷ್ಟೇ ಮುಚ್ಚಿಕೊಂಡರೆ ಇನ್ನೊಂದು ಕಣ್ಣೂ ಅರೆಮುಚ್ಚುತ್ತದೆ, ಹಾಗೆ ಕಿರಿದಾದ ಕಣ್ಣಿಗೆ ಮಸುಕು ಅಕ್ಷರವೂ ಸ್ಪಷ್ಟವಾಗಿ ಕಂಡುಬಿಡುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕನ್ನಡಕದ ಗಾಜಿನ ಮುಂದೆ ಅಡ್ಡ ಹಿಡಿದು, ಎರಡೂ ಕಣ್ಣುಗಳನ್ನು ತೆರೆದೇ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ. ಇನ್ನೂ ಒಂದು ಎಚ್ಚರಿಕೆ ಬೇಕು: ಚೆನ್ನಾಗಿ ಕಾಣುವ ಕಣ್ಣಿನಿಂದ ಮೊದಲು ಓದಿದವರು ಎರಡನೆಯ ಸಲ ಓದುವುದಿಲ್ಲ, ನೆನಪಿನಿಂದ ಹೇಳುತ್ತಾರೆ. ಹಾಗಾಗಿ ಅನುಮಾನವಿರುವ ಕಣ್ಣನ್ನೇ ಮೊದಲು ಪರೀಕ್ಷಿಸಿ, ಇನ್ನೊಂದಕ್ಕೆ ಕ್ಯಾಲೆಂಡರಿನ ಬೇರೆ ತಿಂಗಳ ಹಾಳೆ ತಿರುವಿ. ಮಕ್ಕಳಿಗೆ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ಕಾಗದ ಸರಿಯದಂತೆ ನೋಡಿಕೊಳ್ಳಲೇಬೇಕು.

ಒಂದು ಕಣ್ಣಿಗೆ ತಾರೀಖಿನ ಕೆಳಗಿನ ಸಣ್ಣ ಅಕ್ಷರ ಮಸುಕಾಗಿದ್ದರೆ, ಅದೇ ಕಾಗದದಲ್ಲಿ ಗುಂಡುಸೂಜಿಯಿಂದ ತೂತು ಮಾಡಿ ಅದರ ಮೂಲಕ ನೋಡಿ. ಆಗ ಸ್ಪಷ್ಟವಾದರೆ ಬಹುತೇಕ ಕನ್ನಡಕದ ನಂಬರು ಬದಲಾಗಿದೆ ಎಂದರ್ಥ. ಆಗದಿದ್ದರೆ ಪೊರೆಯನ್ನೋ ಅಕ್ಷಿಪಟಲದ ತೊಂದರೆಯನ್ನೋ ಶಂಕಿಸಬೇಕು. ಪೊರೆ ಬಂದ ಕಣ್ಣಿಗೆ ಬಣ್ಣಗಳು ಹಳದಿಗಟ್ಟಿದಂತೆ ಕಾಣುತ್ತವೆ, ರಾತ್ರಿ ಎದುರಿನ ವಾಹನದ ದೀಪ ಚೆದುರಿ ಕಣ್ಣು ಕೋರೈಸುತ್ತದೆ. ಓದುವ ಕನ್ನಡಕವಿಲ್ಲದೆ ಓದಲಾಗದಿದ್ದ ಹಿರಿಯರು ಇದ್ದಕ್ಕಿದ್ದಂತೆ ಅದನ್ನು ತೆಗೆದಿಟ್ಟು ಓದತೊಡಗಿದರೆ ಮನೆಯವರು ಸಂತೋಷಪಡುವುದುಂಟು. ಆದರೆ ಅದು ಹಲವು ಸಲ ಕಣ್ಣಿನ ಮಸೂರದ ನಡುಭಾಗದಲ್ಲಿ ಪೊರೆ ಗಟ್ಟಿಯಾಗುತ್ತಿರುವುದರ ಗುರುತು. ಪೊರೆ ಕರಗಿಸುತ್ತದೆಂದು ಮಾರುವ ಹನಿಗಳನ್ನು ದಯವಿಟ್ಟು ಕೊಳ್ಳಬೇಡಿ. ಪೊರೆಗೆ ಶಸ್ತ್ರಚಿಕಿತ್ಸೆಯೊಂದೇ ಪರಿಹಾರ, ಅದು ಪೂರ್ತಿ ಬಲಿಯಲೆಂದು ಕಾಯುವ ಅಗತ್ಯವೂ ಈಗಿಲ್ಲ.

ಮೂರನೆಯದು ಚೌಕುಳಿ ಪರೀಕ್ಷೆ. ಇದನ್ನು ರೂಪಿಸಿದವರು ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್. ಬಿಳಿ ಹಾಳೆಯಲ್ಲಿ 10 ಸೆಂಟಿಮೀಟರ್ ಚೌಕ ಬರೆದು, ಅರ್ಧ ಸೆಂಟಿಮೀಟರಿಗೊಂದರಂತೆ ಅಡ್ಡ ಮತ್ತು ಉದ್ದ ಗೆರೆಗಳನ್ನು ಎಳೆದು, ನಡುವೆ ದಪ್ಪ ಚುಕ್ಕಿ ಇಡಿ. ಸ್ಕೇಲು ಹಿಡಿದೇ ಎಳೆಯಿರಿ; ಫೋಟೊಕಾಪಿಯಲ್ಲಿ ಸೊಟ್ಟಗಾದ ಗೆರೆಗಳನ್ನು ನೋಡಿ ಸುಮ್ಮನೆ ಗಾಬರಿಯಾದವರಿದ್ದಾರೆ. ಓದುವ ಕನ್ನಡಕ ಹಾಕಿಕೊಂಡು, ಸುಮಾರು ಒಂದಡಿ ದೂರದಲ್ಲಿ ಹಿಡಿದು, ಒಂದು ಕಣ್ಣಿಗೆ ಕಾಗದ ಅಡ್ಡವಿಟ್ಟು, ನೋಟವನ್ನು ಚುಕ್ಕಿಯಿಂದ ಕದಲಿಸದೆ ಸುತ್ತಲಿನ ಗೆರೆಗಳನ್ನು ಗಮನಿಸಿ. ಗೆರೆ ಡೊಂಕಾಗಿ ಕಂಡರೆ, ಎಲ್ಲಾದರೂ ಅಳಿಸಿದಂತಿದ್ದರೆ, ಅಕ್ಷಿಪಟಲದ ನಡುಭಾಗದಲ್ಲಿ ಊತವೋ ಸವೆತವೋ ಇರಬಹುದು. ಆ ವಾರ ಕಳೆಯುವ ಮುನ್ನ ವೈದ್ಯರಿಗೆ ತೋರಿಸಿ.

ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಮಾತ್ರ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅದರ ಸಾಮಾನ್ಯ ಬಗೆಯಲ್ಲಿ ನೋವಿಲ್ಲದೆ ಅಂಚಿನ ನೋಟ ಕುಗ್ಗುತ್ತಾ ಬಂದರೂ ನಡುವಿನ ನೋಟ ಕೊನೆಯವರೆಗೆ ಚೆನ್ನಾಗಿರುತ್ತದೆ, ಹೋದದ್ದು ಮರಳುವುದಿಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ಕಣ್ಣಿನ ಒತ್ತಡವನ್ನೂ ನರವನ್ನೂ ತಜ್ಞರಿಂದಲೇ ಪರೀಕ್ಷಿಸಿಕೊಳ್ಳಬೇಕು. ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ತಾವೇ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿಗೆ ಗ್ಲಾಕೋಮಾ, ಪೊರೆ ಎರಡೂ ಬರಬಹುದು.

ಮಿಂಚು ಹೊಳೆದಂತಾಗಿ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿ, ನೋಟಕ್ಕೆ ಪರದೆ ಇಳಿದಂತೆ ಕಂಡರೆ ಯಾವ ಪರೀಕ್ಷೆಗೂ ಕೂರದೆ ಅದೇ ದಿನ ಕಣ್ಣಾಸ್ಪತ್ರೆಗೆ ಹೊರಡಿ. ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಗಾಡಿ ಓಡಿಸಲು ಬೇರೊಬ್ಬರನ್ನು ಕರೆದುಕೊಂಡು ಹೋಗಿ.