ರಜೆಯ ಎರಡು ತಿಂಗಳು ಬೋಟಿನ ಬ್ಯಾಟರಿಗೂ ಗಮನ ಕೊಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆ ರಿಪೇರಿ ಆಗುತ್ತದೆ, ಬಣ್ಣವೂ ಆಗುತ್ತದೆ. ಬ್ಯಾಟರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಆಗಸ್ಟ್‌ನಲ್ಲಿ ಕೀ ತಿರುಗಿಸಿದರೆ ಬರೀ ‘ಟಕ್’.

ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ಚಾರ್ಜ್ ಇಳಿಯುತ್ತದೆ. ಇಳಿದ ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ನಿಲ್ಲುವುದಿಲ್ಲ.

ಹಾಗಾಗಿ ಬೋಟು ನಿಲ್ಲಿಸಿದ ವಾರದಲ್ಲೇ ಫುಲ್ ಚಾರ್ಜ್ ಮಾಡಿ, ವೈರ್ ಬಿಚ್ಚಿಡಿ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಬೋಟು ನೀರಲ್ಲೇ ಇದ್ದರೆ ಮಳೆನೀರು ಹೊರಹಾಕುವ ಪಂಪಿನ ಬ್ಯಾಟರಿ ಮಾತ್ರ ಬಿಚ್ಚಬೇಡಿ. ಅದನ್ನು ಆಗಾಗ ಚಾರ್ಜ್ ಮಾಡುತ್ತಿರಿ.

ಟರ್ಮಿನಲ್‌ಗೆ ಕಟ್ಟಿದ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ನೀರಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ. ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಳಗೆ ಹೋಗಬಾರದು. ಒರೆಸಿ ವ್ಯಾಸಲೀನ್ ಹಚ್ಚಿ.

ಒಳಗೆ ಪ್ಲೇಟು ಮುಳುಗುವಷ್ಟು ನೀರಿರಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ. ಸಮುದ್ರದ ನೀರು ಒಳಗೆ ಹೋದರೆ ವಿಷಕಾರಿ ಕ್ಲೋರಿನ್ ಅನಿಲ ಏಳಬಹುದು.

ಇನ್ನು ಅಳತೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್) ಹಿಡಿಯಿರಿ. ಕೂಡಲೇ ಹಿಡಿದರೆ ಸುಳ್ಳು ಲೆಕ್ಕ ತೋರಿಸುತ್ತದೆ. 12 ವೋಲ್ಟ್ ಬ್ಯಾಟರಿಯಲ್ಲಿ 12.6 ವೋಲ್ಟ್ ಅಥವಾ ಜಾಸ್ತಿ ಇದ್ದರೆ ಫುಲ್. 12.4ಕ್ಕೆ ಬಂದರೆ ಮತ್ತೆ ಚಾರ್ಜ್‌ಗೆ ಹಾಕಿ. 12.2 ಅಂದರೆ ಅರ್ಧ ಖಾಲಿ. 24 ವೋಲ್ಟ್‌ಗೆಂದು ಎರಡು ಬ್ಯಾಟರಿ ಜೋಡಿಸಿದ್ದರೆ ಒಂದೊಂದನ್ನೇ ಬೇರೆಬೇರೆ ಅಳೆಯಿರಿ. ಒಟ್ಟು ಲೆಕ್ಕ ಸರಿ ಕಂಡರೂ ಒಂದು ಸೋತಿರಬಹುದು, ಅದು ಇನ್ನೊಂದನ್ನೂ ಹಾಳುಮಾಡುತ್ತದೆ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಖರ್ಚು ಜಾಸ್ತಿ ಅನಿಸುತ್ತದೆ, ಆದರೂ ಹೊಸದಕ್ಕೆ ಹಳೆಯದನ್ನು ಜೋಡಿಸುವುದು ದಂಡ.

ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಗಾಳಿಯಾಡುವ ಜಾಗವೇ ಬೇಕು, ಹತ್ತಿರ ಬೀಡಿ ಬೇಡ. ಚಾರ್ಜರ್ ಆಫ್ ಮಾಡಿದ ಮೇಲೇ ಕ್ಲಿಪ್ ತೆಗೆಯಿರಿ.

ಮತ್ತೆ ಕಡಲಿಗಿಳಿಯುವ ಮೊದಲು ಎಂಜಿನ್ ಓಡಿಸಿ ಟರ್ಮಿನಲ್‌ನಲ್ಲಿ ಅಳೆಯಿರಿ. 12 ವೋಲ್ಟ್ ಬ್ಯಾಟರಿಗೆ 13.8ರಿಂದ 14.4 ಬರಬೇಕು. ಕಮ್ಮಿ ಇದ್ದರೆ ಮೊದಲು ಬೆಲ್ಟ್ ಸಡಿಲವಾಗಿದೆಯಾ ನೋಡಿ, ಆಮೇಲೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬಿಚ್ಚಿದರಾಯಿತು. ರಾತ್ರಿಯ ಲೈಟು, ಜಿಪಿಎಸ್, ವೈರ್‌ಲೆಸ್‌ಗೆ ಬೇರೆ ಬ್ಯಾಟರಿ ಇಡಿ. ಸ್ಟಾರ್ಟಿಂಗ್ ಬ್ಯಾಟರಿಗೆ ಮೊಬೈಲ್ ಚಾರ್ಜರ್ ಕೂಡ ಸಿಕ್ಕಿಸಲು ಬಿಡಬೇಡಿ.