ವಾರ್ಷಿಕ ವರದಿಯಲ್ಲಿ ಮಹಿಳಾ ನಾಯಕತ್ವ ಅಳೆಯುವುದು ಹೇಗೆ?

ಹೆಂಗಸರು ಕಂಪನಿಯ ನಿರ್ದೇಶಕ ಮಂಡಳಿಯಲ್ಲಿದ್ದರೆ ಲಾಭ ಜಾಸ್ತಿ ಎಂಬ ಮಾತು ನಂಬಿ ಷೇರು ಕೊಳ್ಳುವ ಮುನ್ನ ಆ ಕಂಪನಿಯ ಐದು ವರ್ಷದ ವಾರ್ಷಿಕ ವರದಿಗಳನ್ನು ಇಳಿಸಿಕೊಳ್ಳಿ. ಒಂದೇ ವರ್ಷದ್ದು ಸಾಲದು.

ಮೊದಲು ಅದರೊಳಗಿನ ಕಾರ್ಪೊರೇಟ್ ಗವರ್ನೆನ್ಸ್ (ಕಂಪನಿ ಆಡಳಿತ) ವರದಿ ತೆರೆಯಿರಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಪ್ರತಿ ಕಂಪನಿಗೂ ಒಬ್ಬ ನಿರ್ದೇಶಕಿ ಬೇಕೇ ಬೇಕು. ಮಾಲೀಕರ ಹೆಂಡತಿಯನ್ನೋ ಮಗಳನ್ನೋ ಕೂರಿಸಿದರೂ ಅದು ನಡೆಯುತ್ತಿತ್ತು. ಆಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ ಗಂಟು ಬಿಗಿ ಮಾಡಿತು: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಮೊದಲ 1000ಕ್ಕೆ 2020ರ ಏಪ್ರಿಲ್‌ನಿಂದ ಸ್ವತಂತ್ರ ನಿರ್ದೇಶಕಿ, ಅಂದರೆ ಮಾಲೀಕರ ನಂಟಿಲ್ಲದವರು, ಕಡ್ಡಾಯ. ಹಾಗಾಗಿ ‘ಒಬ್ಬರಿದ್ದಾರೆ’ ಅನ್ನುವುದು ಕಾನೂನು ಪಾಲನೆ ಅಷ್ಟೇ. ನೋಡಬೇಕಾದ್ದು ಎಷ್ಟು ಸಭೆಗೆ ಬಂದಿದ್ದಾರೆ, ಲೆಕ್ಕಪತ್ರ ಪರಿಶೀಲಿಸುವ ಆಡಿಟ್ ಕಮಿಟಿಯಲ್ಲಿ ಇದ್ದಾರೆಯೇ, ಇನ್ನೆಷ್ಟು ಕಂಪನಿಗಳ ಮಂಡಳಿಯಲ್ಲಿದ್ದಾರೆ ಎಂಬುದು. ಹೆಸರು ಸಮಾಜಸೇವೆಯ ಖರ್ಚು ನೋಡುವ ಸಿಎಸ್‌ಆರ್ ಕಮಿಟಿಯಲ್ಲಿ ಮಾತ್ರ ಕಂಡರೆ ಸ್ವಲ್ಪ ಅನುಮಾನಿಸಿ.

ಅದೇ ವರದಿಯಲ್ಲಿ ಹಿರಿಯ ಅಧಿಕಾರಿಗಳ ಪಟ್ಟಿ ಇರುತ್ತದೆ. ಎಚ್‌ಆರ್, ಲೀಗಲ್ ಬಿಟ್ಟು ಕಾರ್ಖಾನೆ, ಮಾರಾಟ, ಹಣಕಾಸು ನಡೆಸುವ ಹೆಂಗಸರು ಎಷ್ಟು ಎಂದು ಎಣಿಸಿ. ನಾಳೆಯ ಎಂಡಿ (ವ್ಯವಸ್ಥಾಪಕ ನಿರ್ದೇಶಕರು) ಸಾಮಾನ್ಯವಾಗಿ ಈ ಸಾಲಿನಿಂದಲೇ ಬರುವುದು.

ಮುಂದೆ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ. ಮೊದಲ 1000 ಕಂಪನಿಗಳಿಗೆ 2022–23ರಿಂದ ಕಡ್ಡಾಯ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಪ್ರಮುಖ ಆಡಳಿತ ಸಿಬ್ಬಂದಿ ಮೂವರು, ಎಂಡಿ, ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಕಂಪನಿ ಸೆಕ್ರೆಟರಿ ಎನ್ನಿ. ಸೆಕ್ರೆಟರಿ ಒಬ್ಬರೇ ಮಹಿಳೆ. ಕೋಷ್ಟಕದಲ್ಲಿ ಶೇ. 33.33 ಎಂದು ಮಿಂಚುತ್ತದೆ! ಶೇಕಡಾ ಬಿಟ್ಟು ತಲೆ ಎಣಿಸಿ. ಇದೇ ವರದಿಯಲ್ಲಿ ನೌಕರರ ಹಿತ ಕುರಿತ ಮೂರನೇ ತತ್ತ್ವದಡಿ, ಹೆರಿಗೆ ರಜೆ ಮುಗಿಸಿ ಎಷ್ಟು ಮಂದಿ ಬಂದರು, ಬಂದವರಲ್ಲಿ ಎಷ್ಟು ಮಂದಿ ಕೆಲಸದಲ್ಲಿ ಉಳಿದರು ಎಂಬ ಲೆಕ್ಕವಿದೆ. ಬಂದವರು ಶೇ. 95 ಇದ್ದು ಉಳಿದವರು ಶೇ. 60 ಆದರೆ ಮೇಲಿನ ಹುದ್ದೆಗೆ ಏರುವವರು ನಡುದಾರಿಯಲ್ಲೇ ಸೋರುತ್ತಿದ್ದಾರೆ.

ಇನ್ನು ಸಾಧನೆ. ಬಡ್ಡಿ, ತೆರಿಗೆಗೆ ಮುಂಚಿನ ಲಾಭವನ್ನು, ಒಟ್ಟು ಆಸ್ತಿಯಲ್ಲಿ ಚಾಲ್ತಿ ಹೊಣೆಗಾರಿಕೆ (ವರ್ಷದೊಳಗೆ ತೀರಿಸಬೇಕಾದ ಬಾಕಿ) ಕಳೆದ ಮೊತ್ತದಿಂದ ಭಾಗಿಸಿ, ಬಂದದ್ದು ಆರ್‌ಒಸಿಇ, ಅಂದರೆ ತೊಡಗಿಸಿದ ಬಂಡವಾಳದ ಮೇಲಿನ ಲಾಭದ ಪ್ರಮಾಣ. ಬ್ಯಾಂಕಿಗೆ ಇದು ಒಗ್ಗದು, ಅಲ್ಲಿ ಆಸ್ತಿಯ ಮೇಲಿನ ಲಾಭ ನೋಡಿ. ನಿರ್ದೇಶಕಿ ಬರುವುದಕ್ಕೆ ಮುಂಚಿನ ಎರಡು ವರ್ಷ, ಬಂದ ನಂತರದ ಎರಡು ವರ್ಷ ಬರೆದುಕೊಂಡು, ಪಕ್ಕದಲ್ಲಿ ಅದೇ ವ್ಯವಹಾರದ ನಾಲ್ಕು ಕಂಪನಿಗಳ ಅದೇ ವರ್ಷಗಳ ಅಂಕಿ ಇಡಿ. ಫೆಬ್ರುವರಿಯಲ್ಲಿ ಬಂದವರಿಗೆ ಮಾರ್ಚ್‌ಗೆ ಮುಗಿಯುವ ವರ್ಷದ ಲಾಭದ ಶ್ರೇಯ ಕೊಡಬೇಡಿ. ಕಾರಣ ತಿರುವುಮುರುವಾಗಿಯೂ ಇರಬಹುದು: ಚೆನ್ನಾಗಿ ನಡೆಯುವ ದೊಡ್ಡ ಕಂಪನಿಯೇ ಹೆಚ್ಚು ಹೆಂಗಸರನ್ನು ಕರೆತರುತ್ತದೆ. ನಾರ್ವೆಯಲ್ಲಿ ಮಂಡಳಿಯಲ್ಲಿ ಹೆಂಗಸರಿಗೆ ಶೇ. 40 ಮೀಸಲು 2008ರಿಂದ ಕಡ್ಡಾಯವಾಯಿತು. ಕಂಪನಿಗಳ ಮೌಲ್ಯ ಕುಸಿಯಿತೆಂದು ಒಂದು ಅಧ್ಯಯನ, ಗಣನೀಯ ಪರಿಣಾಮವಿಲ್ಲವೆಂದು ಇನ್ನೊಂದು.

ಉತ್ತರ ಸಿಗದ್ದನ್ನು ಎಜಿಎಂನಲ್ಲಿ (ಷೇರುದಾರರ ವಾರ್ಷಿಕ ಸಭೆಯಲ್ಲಿ) ಕೇಳಿ. ಒಂದೇ ಷೇರಿದ್ದರೂ ಸಾಕು. ಆನ್‌ಲೈನ್ ಸಭೆಯಾದರೆ ಮಾತಾಡುವವರ ನೋಂದಣಿಗೆ ಕೊನೆಯ ದಿನ ಯಾವುದೆಂದು ನೋಟಿಸಿನಲ್ಲಿ ನೋಡಿಕೊಳ್ಳಿ, ಅದು ಸಭೆಗೆ ಎಷ್ಟೋ ದಿನ ಮೊದಲೇ ಮುಗಿದಿರುತ್ತದೆ.