ಬಟಾಣಿ ಕಾಳಿನಷ್ಟು ಕೋಸಂಬರಿ

ಮಗಳಿಗೆ ಸೀಲಿಯಾಕ್ ಅಂತ ಗೊತ್ತಾದಾಗ ಏಳು ವರ್ಷ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ ಅದು. ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು: ಗೋಧಿ, ಬಾರ್ಲಿ, ರೈ ಇನ್ನು ಬಾಯಿಗೆ ಹೋಗಬಾರದು. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ಅನ್ನ, ಸಾರು, ರಾಗಿಮುದ್ದೆ ಇದ್ದೇ ಇತ್ತಲ್ಲ, ಅಷ್ಟೇನೂ ತೊಂದರೆ ಆಗಲಿಲ್ಲ. ತೊಂದರೆ ಇದ್ದಿದ್ದು ಬೇರೆಯವರ ಮನೆ ಊಟಕ್ಕೆ, ಹೋಟೆಲಿಗೆ. ಅದಕ್ಕೇ ತಿನಿಸಿನಲ್ಲಿ ಗ್ಲುಟನ್ ಇದೆಯಾ ಅಂತ ನೋಡುವ ನೀಮಾ ಅನ್ನೋ ಪುಟ್ಟ ಯಂತ್ರ ತಗೊಂಡೆವು. ಸ್ಯಾನ್ ಫ್ರಾನ್ಸಿಸ್ಕೋದವರು ಮಾಡಿದ್ದು, ಅಂಗೈಯಲ್ಲಿ ಕೂರುತ್ತದೆ.

ಬಟಾಣಿ ಕಾಳಿನಷ್ಟು ತಿನಿಸನ್ನು ಕ್ಯಾಪ್ಸೂಲಿಗೆ ಹಾಕಬೇಕು. ಮುಚ್ಚಳ ತಿರುವಿದರೆ ಒಳಗೇ ಅರೆಯುತ್ತದೆ. ಕ್ಯಾಪ್ಸೂಲನ್ನು ಯಂತ್ರಕ್ಕೆ ಸೇರಿಸಿ ಗುಂಡಿ ಒತ್ತಿದರೆ ಗುರ್ರ್ ಅಂತ ಸದ್ದು ಶುರು. ಮೂರು ನಿಮಿಷದ ಹೊತ್ತಿಗೆ ಪರದೆ ಮೇಲೆ ನಗುಮುಖ ಬಂದರೆ ಗ್ಲುಟನ್ ಸಿಕ್ಕಿಲ್ಲ ಅಂತ, ಗೋಧಿ ತೆನೆ ಬಂದರೆ ಸಿಕ್ಕಿದೆ ಅಂತ. ಎಷ್ಟಿದೆ ಅಂತ ಹೇಳುವುದಿಲ್ಲ. ಒಂದು ಕ್ಯಾಪ್ಸೂಲ್ ಒಂದೇ ಸಲಕ್ಕೆ, ನಾವು ತಗೊಂಡಾಗ ಬೆಲೆ ಐದಾರು ಡಾಲರ್ ಇತ್ತು. ತಟ್ಟೆಯಲ್ಲಿ ಎಂಟು ಬಗೆ ಇದ್ದರೆ ಎಂಟನ್ನೂ ನೋಡೋಕೆ ಯಾರಿಗೂ ಕೈ ಬರುವುದಿಲ್ಲ. ಅನುಮಾನ ಇದ್ದಿದ್ದನ್ನು ಮಾತ್ರ ನೋಡುತ್ತಿದ್ದೆ.

ಕೋಸಂಬರಿ ಮೇಲೆ ಅನುಮಾನ ಯಾಕೆ ಬರಬೇಕು ಹೇಳಿ? ರಾಮನವಮಿಗೆ ಗೆಳತಿ ಮನೆಗೆ ಹೋಗಿದ್ದೆವು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ. "ಇದರಲ್ಲಿ ಗೋಧಿ ಎಲ್ಲಿಂದ ಬರಬೇಕು ರೀ?" ಅಂದಳು ಅವಳು. ಆದರೂ ಪಾತ್ರೆಯ ಒಂದು ಬದಿಯಿಂದ ಚೂರು ತೆಗೆದು ನೋಡಿದೆ. "ಅಮ್ಮಾ, ನಗ್ತಾ ಇದೆ!" ಅಂತ ಮಗಳು ಎರಡು ಸಲ ಬಡಿಸಿಕೊಂಡಳು.

ಆ ರಾತ್ರಿ ಅವಳಿಗೆ ಹೊಟ್ಟೆನೋವು, ವಾಂತಿ. ಅಲ್ಲಿ ಅವಳು ತಿಂದಿದ್ದು ಕೋಸಂಬರಿ, ಬಾಳೆಹಣ್ಣು, ಪಾನಕ, ಅಷ್ಟೇ. ಗೆಳತಿ ಡಬ್ಬಿಗೆ ಹಾಕಿ ಕೊಟ್ಟಿದ್ದ ಕೋಸಂಬರಿ ಫ್ರಿಜ್‌ನಲ್ಲಿತ್ತು. ಬೆಳಿಗ್ಗೆ ತೆಗೆದು, ಈ ಸಲ ಸಾಸಿವೆ, ಕರಿಬೇವು ಅಂಟಿಕೊಂಡಿದ್ದ ಕಡೆಯಿಂದ ತೆಗೆದು ಹಾಕಿದೆ. ಗೋಧಿ ತೆನೆ!

ಫೋನ್ ಮಾಡಿ ಒಗ್ಗರಣೆಗೆ ಏನೇನು ಹಾಕಿದ್ದೆ ಅಂತ ಕೇಳಿದೆ. ಎಣ್ಣೆ, ಸಾಸಿವೆ, ಮೆಣಸಿನಕಾಯಿ, ಇಂಗು. "ಇಂಗಿನ ಡಬ್ಬಿ ಸ್ವಲ್ಪ ತಿರುಗಿಸಿ ಓದೇ" ಅಂದೆ. ಸಣ್ಣ ಅಕ್ಷರದಲ್ಲಿ ಇತ್ತು, ಗೋಧಿ ಹಿಟ್ಟು. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಬರೀ ಇಂಗಲ್ಲ. ಅಸಲಿ ಇಂಗು ತುಂಬಾ ಘಾಟು, ಅಂಟು. ಅದಕ್ಕೇ ಹಿಟ್ಟು, ಗೋಂದು ಬೆರೆಸಿ ಪುಡಿ ಮಾಡುತ್ತಾರೆ. ಆ ಹಿಟ್ಟು ಎಷ್ಟೋ ಸಲ ಗೋಧಿಯದು ಇಲ್ಲವೇ ಮೈದಾ. ನಮ್ಮನೆಯಲ್ಲಿ ಅಕ್ಕಿ ಹಿಟ್ಟಿನ ಇಂಗು ಇತ್ತು. ಆದರೆ ಬೇರೆಯವರ ಒಗ್ಗರಣೆ ಸೌಟಿನವರೆಗೆ ನನ್ನ ಬುದ್ಧಿ ಓಡಿರಲಿಲ್ಲ. ತಪ್ಪು ಯಂತ್ರದ್ದಲ್ಲ. ನಾನು ಕೊಟ್ಟ ಚೂರಿನಲ್ಲಿ ಗೋಧಿ ಇರಲಿಲ್ಲ, ಇಲ್ಲ ಅಂತ ಅದು ಹೇಳಿತು.

ಈಗ ಒಗ್ಗರಣೆ ಬಿದ್ದಿರುವ ಕಡೆಯಿಂದಲೇ ತೆಗೆಯುತ್ತೇನೆ. ಹೋಟೆಲ್ ದೋಸೆಯಾದರೆ ಕಾವಲಿಗೆ ತಾಗಿದ ಗರಿಗರಿ ಮೈಯಿಂದ, ಯಾಕೆಂದರೆ ಅದೇ ಕಾವಲಿ ಮೇಲೆ ರವೆ ದೋಸೆಯೂ ಆಗಿರುತ್ತದೆ. ಸಾರು, ಹುಳಿಯನ್ನು ಚೆನ್ನಾಗಿ ಕಲಕಿದ ಮೇಲೆ. ಗೋಬಿ ಮಂಚೂರಿಯ ಸುದ್ದಿಗೇ ಹೋಗುವುದಿಲ್ಲ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಆದರೆ ಹುದುಗಿದ ಮೇಲೆ ಗ್ಲುಟನ್ ಚೂರುಚೂರಾಗಿ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಬರುವ ನಗುಮುಖವನ್ನು ನಂಬೋಕಾಗಲ್ಲ.

ಹಾಗಂತ ಯಂತ್ರ ದಂಡ ಅಲ್ಲ. ಇದನ್ನು ಬಳಸುವವರು ಅಮೆರಿಕದ ಹೋಟೆಲುಗಳಲ್ಲಿ ಮಾಡಿದ 5,600ಕ್ಕೂ ಹೆಚ್ಚು ಪರೀಕ್ಷೆಗಳನ್ನು ಕೊಲಂಬಿಯಾ ವಿಶ್ವವಿದ್ಯಾಲಯದವರು ಒಟ್ಟುಹಾಕಿ 2019ರಲ್ಲಿ ಪ್ರಕಟಿಸಿದರು. ಗ್ಲುಟನ್ ಇಲ್ಲ ಅಂತ ಕೊಟ್ಟ ತಿನಿಸುಗಳಲ್ಲಿ 32 ಶೇಕಡಾದಲ್ಲಿ ಗ್ಲುಟನ್ ಸಿಕ್ಕಿತ್ತು. ಪಿಜ್ಜಾ, ಪಾಸ್ತಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಅನುಮಾನ ಬಂದಿದ್ದನ್ನೇ ಜನ ಹೆಚ್ಚು ಪರೀಕ್ಷಿಸುತ್ತಾರೆ ಅನ್ನೋದು ನಿಜ. ಗ್ಲುಟನ್ ಇಲ್ಲ ಅಂತ ಬರೆಯೋಕೆ ಕಾನೂನಿನ ಮಿತಿ ಕಿಲೋಗೆ 20 ಮಿಲಿಗ್ರಾಂ, ಅದಕ್ಕಿಂತ ಕಡಿಮೆ ಇದ್ದಾಗಲೂ ಯಂತ್ರ ಕೆಲವೊಮ್ಮೆ ತೆನೆ ತೋರಿಸುತ್ತದೆ ಅನ್ನೋದೂ ನಿಜ. ಆದರೂ ಆಮೇಲೆ ನಾವು ಹೊರಗೆ ಪಿಜ್ಜಾ ತಿಂದಿಲ್ಲ.

ಈ ವರ್ಷದ ರಾಮನವಮಿಗೆ ಗೆಳತಿ ಎರಡು ಪಾತ್ರೆ ಕೋಸಂಬರಿ ಮಾಡಿದ್ದಳು. ಸಣ್ಣದಕ್ಕೆ ಒಗ್ಗರಣೆಯೇ ಇಲ್ಲ. ಮಗಳು ಚಮಚ ಹಿಡಿದು ನನ್ನ ಮುಖ ನೋಡಿದಳು. ಕ್ಯಾಪ್ಸೂಲ್ ಬ್ಯಾಗಿನಲ್ಲೇ ಉಳಿಯಿತು.